ಟ್ರಾಮಿನ ಮೆಟ್ಟಿಲಲ್ಲಿ ಬೆಲ್ಲ

ಹರಿಪ್ರಸಾದ,

ಇದನ್ನು ನಿನಗೆ ಕಳಿಸುದಿಲ್ಲ. ಕಳಿಸಿದರೆ ನಾನಿನ್ನೂ ನಿನ್ನದೇ ಧ್ಯಾನದಲ್ಲಿದ್ದೇನೆ ಅಂತ ಬೀಗುತ್ತೀಯ.

ನಿನ್ನೆ ಸುಳ್ಯದಲ್ಲಿ, ನಿಮ್ಮ ಮನೆಯ ಕೆಳಗಿನ ತೋಟದಲ್ಲಿ ನೀನು ಹೋಂಸ್ಟೇ ಮಾಡಿಟ್ಟ ಟ್ರಾಮಿನಲ್ಲಿ ಉಳಿದಿದ್ದೆ. ನನ್ನ ತಂಗಿ ಜೆಸ್ನಾ ರಜೆಗೆಂದು ಬುಕ್ ಮಾಡಿದ್ದು. ಅದು ಯಾರದ್ದೆಂದು ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ನೀನು ಹೆಂಡತಿ ಜೊತೆ ಪುತ್ತೂರಿನಲ್ಲಿರುದೂ ಗೊತ್ತಿತ್ತು.

ಚಂದ ಮಾಡಿದ್ದೀಯ ಮಾರಾಯ. ಹಳೇ ಮರದ ಸೀಟಿಗೆ ಪಾಲಿಶ್, ಡ್ರೈವರ್ ನಿಲ್ಲುತ್ತಿದ್ದ ಜಾಗದಲ್ಲಿ ಅಡುಗೆ ಒಲೆ. "ಕಲ್ಕತ್ತದಿಂದ ಟ್ರಾಮ್ ತರ್ತೇನೆ ಲೈಸಾ, ನಿಮ್ಮ ಮನೆಯೂ ಬೇಡ, ನಮ್ಮ ಮನೆಯೂ ಬೇಡ, ಅದರಲ್ಲೇ ಇರುವ" ಅಂದದ್ದು ನೀನೇ. ತಂದದ್ದೂ ಹೌದು. ಈಗ ಬಾಡಿಗೆ ಕೊಟ್ಟವರೆಲ್ಲ ಅದರಲ್ಲಿ ಇರಬಹುದು, ನಾನೂ ಸೇರಿ.

ಅತಿಥಿಗಳಿಗೆ ಬೆಲ್ಲ ನೀರು ಕೊಡುದು ನಿನ್ನ ಅಮ್ಮ. ನಿಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಅದನ್ನೇ ಕೊಡುದು ಅಂತ ನೀನು ಹೇಳಿದ್ದು ನೆನಪುಂಟು. ನಾನು ನಿನ್ನ ಜೊತೆ ಬಂದ ದಿನ ಅವರು ನನ್ನನ್ನು ಅಂಗಳದಲ್ಲೇ ನಿಲ್ಲಿಸಿ, ಒಂದು ಲೋಟ ನೀರೂ ಕೊಡದೆ ಕಳಿಸಿದ್ದರು. ನೀನು ಮೊಬೈಲ್ ನೋಡುತ್ತಿದ್ದೆ.

ನಿನ್ನೆ ಅವರಿಗೆ ನನ್ನ ಗುರುತು ಸಿಕ್ಕ ಹಾಗಿರಲಿಲ್ಲ; ಟ್ರಾಮಿನ ಮೆಟ್ಟಿಲ ಬಳಿ ನಗುತ್ತಾ ಬೆಲ್ಲದ ತುಂಡು, ನೀರಿನ ಲೋಟ ಇಟ್ಟ ತಟ್ಟೆ ಹಿಡಿದರು.

"ಯಾವೂರು ಮಗಾ?"

"ಕಡಬ."

"ಹೌದಾ? ಕಡಬದಿಂದ ನಮ್ಮಲ್ಲಿಗೆ ಇದುವರೆಗೆ ಯಾರೂ ಬಂದದ್ದಿಲ್ಲ. ತಗೊ."

ಆ ತಟ್ಟೆಯನ್ನು ತಳ್ಳಲಿಕ್ಕೆಂದೇ ಬಂದವಳು ನಾನು. ಬೆಲ್ಲದ ದೊಡ್ಡ ತುಂಡನ್ನೇ ಆರಿಸಿಕೊಂಡೆ.