ಸಂತೆಗೆ ಹೋದವಳು

ನವೆಂಬರ್ ೮, ಶನಿವಾರ. ಸಂಜೆ

ಇವತ್ತೂ ಗಂಟಲು ಕಟ್ಟಿತು. ಒಬ್ಬಳೇ ಮೈಕ್ ಹಿಡಿದು, ಸಬ್‌ಟೈಟಲ್ ನೋಡಿಕೊಂಡು ಪರದೆ ಮೇಲಿನವರ ಮಾತೆಲ್ಲ ಕನ್ನಡದಲ್ಲಿ ಹೇಳಿದರೆ ಇನ್ನೇನಾಗುತ್ತೆ. ಇವತ್ತಿನದು ಜಾರ್ಜಿಯಾ ದೇಶದ ಸಿನಿಮಾ. ಒಬ್ಬ ಮುದುಕ ಬಾಗಿಲೊಂದನ್ನು ಬೆನ್ನ ಮೇಲೆ ಹೊತ್ತು ಊರೂರು ಅಲೆಯುತ್ತಾನೆ. ಅಷ್ಟೇ ಕಥೆ. ನಮ್ಮ ಫಿಲಂ ಇನ್‌ಸ್ಟಿಟ್ಯೂಟಿನ ಹುಡುಗರು ಹಿಂದೆ ಕೂತು ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡು ಗಂಭೀರವಾಗಿ ತಲೆದೂಗುತ್ತಿದ್ದರು. ಮುಂದಿನ ಸಾಲುಗಳು ನಮ್ಮ ಕೆರಗೋಡಿನ ಹೆಂಗಸರದ್ದು. ಅವರಿಗೆ ನನ್ನ ಕನ್ನಡವೇ ಗತಿ. ನಮ್ಮತ್ತೆ ಬೆಟ್ಟಮ್ಮ ಈ ಪಟಾಲಮ್ಮಿನ ನಾಯಕಿ. ಶನಿವಾರ ಬಂತೆಂದರೆ ಅಷ್ಟೂ ಜನರನ್ನು ಬಸ್ಸಿಗೆ ಹತ್ತಿಸಿಕೊಂಡು ಮಂಡ್ಯಕ್ಕೆ, ಈ ಶೋಗೆ ಹಾಜರು.

ಅತ್ತೆ ಎಲ್ಲರಿಗೂ ಕೇಳುವ ಹಾಗೆ — “ಬಾಗ್ಲು ಒತ್ಕಂಡ್ ತಿರುಗ್ತಾವ್ನಲ್ಲ, ಇವನ್ ಮನೇಗೆ ನಾಯಿ ನುಗ್ಗಲ್ವಾ?”

ಹುಡುಗರ ಗಾಂಭೀರ್ಯ ಅಲ್ಲಿಗೆ ಮುಗಿಯಿತು.

ಮುಗಿದ ಮೇಲೆ ಶಿವರಾಜು ವೈರ್ ಸುತ್ತುತ್ತಾ ಕೇಳಿದ. “ಅತ್ತೇಗೆ ಹೇಳಿದ್ಯಾ?”

ಇಲ್ಲ. ಹೇಳಿಲ್ಲ. ಹೇಗೆ ಹೇಳೋದು? ಗಂಡ ಲೋಕೇಶ ತೀರಿಕೊಂಡು ನಾಲ್ಕು ವರ್ಷ. ಅವನ ತಾಯಿಯ ಮನೆಯಲ್ಲೇ ಇದ್ದು, ಬೆಳಿಗ್ಗೆ ಅವರೇ ಕಟ್ಟಿಕೊಟ್ಟ ಬುತ್ತಿ ಹಿಡಿದು ಇನ್‌ಸ್ಟಿಟ್ಯೂಟಿನ ಆಫೀಸಿಗೆ ಹೋಗ್ತೀನಿ. ಅವರ ಎದುರು ನಿಂತು, ಅತ್ತೆ, ಎಡಿಟಿಂಗ್ ಪಾಠ ಮಾಡೋ ನಿಡಘಟ್ಟದ ಶಿವರಾಜುನ ಮದುವೆ ಆಗ್ತೀನಿ ಅನ್ನಲಾ? ನಾಲಿಗೆ ಹೊರಳಲ್ಲ.

ನವೆಂಬರ್ ೧೩, ಗುರುವಾರ

ಬರೋ ಶನಿವಾರ ತೋರಿಸೋ ಸಿನಿಮಾ ಇವತ್ತೇ ನೋಡಿದೆ. ಕಜಕಿಸ್ತಾನದ್ದು. ಹೊಸ ಡೈರೆಕ್ಟರು, ಸ್ನೇಹಿತರಿಂದ ದುಡ್ಡು ಸೇರಿಸಿ ಮಾಡಿದ್ದಂತೆ. ಗಂಡ ಸತ್ತ ಹೆಂಗಸು, ಅವಳ ಅತ್ತೆ, ಒಂದಷ್ಟು ಮೇಕೆ. ದಿನಾ ಹಾಲು ಒಯ್ಯಲು ಬರುವ ಲಾರಿಯವನು. ಕೊನೆಗೆ ಅವಳು ಅತ್ತೆಗೆ ನಾನು ಅವನ ಜೊತೆ ಹೋಗ್ತೀನಿ ಅಂತ ಹೇಳಿ, ಕಾಲಿಗೆ ಬಿದ್ದು, ಟ್ರಂಕು ಎತ್ತಿಕೊಂಡು ಲಾರಿ ಹತ್ತುತ್ತಾಳೆ. ಅತ್ತೆ ನೋಡ್ತಾ ನಿಂತಿರ್ತಾಳೆ. ಮುಗೀತು.

ಸಿನಿಮಾ ಆರಿಸೋದು ಯಾರು? ಶಿವರಾಜು. ಫೋನ್ ಮಾಡಿ ಬೈದೆ.

“ನಿಂಗ್ ಹೇಳಕ್ಕಾಗ್ತಿಲ್ವಲ್ಲ… ಸಿನಿಮಾನೇ ಹೇಳ್ಲಿ ಅಂತ.”

“ಸಿನಿಮಾ ಕಜಕಿಸ್ತಾನದ ಭಾಷೇಲಿ ಹೇಳುತ್ತೆ. ಕನ್ನಡದಲ್ಲಿ ಹೇಳೋಳು ಯಾರು?”

“ಅಯ್ಯೋ… ಅದು ಹೊಳೀಲೇ ಇಲ್ಲ ಕಣೆ.”

ಪೋಸ್ಟರ್ ಅಂಟಿಸಿ ಆಗಿದೆ, ಸಿನಿಮಾ ಬದಲಿಸೋ ಹಾಗಿಲ್ಲ. ಇಂಥ ಮಂಕನ್ನ ಇಷ್ಟಪಟ್ಟಿದ್ದೀನಲ್ಲ, ನನಗೆ ನಾನೇ ಬೈಕೋಬೇಕು.

ನವೆಂಬರ್ ೧೫, ಶನಿವಾರ

ಮಾನ ಹೋಯಿತು.

ಅರ್ಧದವರೆಗೆ ಚೆನ್ನಾಗಿಯೇ ಹೇಳಿದೆ. ಮಾತು ಹೇಳುವವರಿಗೆ ನಮ್ಮಲ್ಲಿ ಒಂದೇ ಕಟ್ಟಳೆ — ಕೂಡಿಸಬಾರದು, ಕಳೆಯಬಾರದು. ಆ ದೃಶ್ಯ ಬಂತು. ಪರದೆ ಮೇಲೆ ಅವಳು ಅತ್ತೆಯ ಕೈ ಹಿಡಿದಳು. ನನ್ನ ಅತ್ತೆ ಎರಡನೇ ಸಾಲಲ್ಲಿ ಸೆರಗು ಬಿಗಿ ಹಿಡಿದು ಕೂತಿದ್ದರು. ನನ್ನ ಬಾಯಿಂದ ಬಂದಿದ್ದು —

“ಅಮ್ಮ, ಸಂತೆಗೆ ಹೋಗಿ ಬರ್ತೀನಿ.”

ಹಿಂದಿನ ಹುಡುಗರು ಕಿಸಕ್ ಅಂದರು. ಅವಳು ಅಳ್ತಾ ಕಾಲಿಗೆ ಬಿದ್ದಳು. ಲಾರಿ ಹೊರಟಿತು. ಲೈಟ್ ಹಾಕಿದರು. ನಮ್ಮ ಹೆಂಗಸರು ಯಾರೂ ಏಳಲಿಲ್ಲ. ಕಾಯ್ತಿದ್ದಾರೆ! ಪಕ್ಕದ ಮನೆ ಶಿವನಂಜಮ್ಮ ತಿರುಗಿ ನನ್ನನ್ನೇ ಕೇಳಿದಳು — “ಯಾವಾಗ್ ಬತ್ತಾಳಮ್ಮಿ ಅವ್ಳು, ಸಂತೆಯಿಂದ?”

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ.

ನವೆಂಬರ್ ೧೬, ಭಾನುವಾರ

ಜಗಲಿ ಮೇಲೆ ಅವರೆಕಾಯಿ ಬಿಡಿಸ್ತಾ ಕೂತಿದ್ದೆವು. ಅತ್ತೆ ತಲೆ ಎತ್ತದೆ ಶುರು ಮಾಡಿದರು.

“ಸಂತೇಗ್ ಓಗೋಳು ಟ್ರಂಕ್ ಯಾಕಮ್ಮಿ ತಕ್ಕಂಡ್ಲು?”

ನಾನು ಇನ್ನೊಂದು ಕಾಯಿ ಬಿಡಿಸಿದೆ.

“ದಿಟುವಾಗ್ಲೂ ಏನಂದ್ಲು ಏಳು.”

ಹೇಳಿದೆ. ಕೂಡಿಸದೆ, ಕಳೆಯದೆ. “ಅಮ್ಮ, ನಾನು ಅವನ ಜೊತೆ ಹೋಗ್ತೀನಿ. ನಿಮ್ಮ ಮಗನ್ನ ಮರೆತಿಲ್ಲ. ಆದ್ರೂ ಹೋಗ್ತೀನಿ.” ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. ಮೈಕಿಲ್ಲದೆ ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ.

“ಅದ್ಕೆ ಅತ್ತೆ ಏನಂದ್ಲು?”

“ಏನೂ ಇಲ್ಲ. ಅಲ್ಲಿಗೇ ಮುಗಿಯುತ್ತೆ.”

“ಥೂ, ಅದೆಂತ ಸಿನ್ಮಾ ತೆಗ್ದವ್ರೋ. ಬಾಯ್ ಬಿದ್ದೋಗಿತ್ತಾ ಅವ್ಳಿಗೆ?” ಅವರೆ ಸಿಪ್ಪೆ ಎತ್ತಿ ಅಂಗಳಕ್ಕೆ ಎಸೆದರು. ಆಮೇಲೆ ಮೆಲ್ಲಗೆ — “ನಿನ್ ಲಾರಿಯೋನ್ ಯಾರು?”

ಹೆಸರು ಹೇಳಿದೆ. ಊರು ಹೇಳಿದೆ. ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಕಾಳಿನ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ನವೆಂಬರ್ ೧೮, ಮಂಗಳವಾರ

ಆಫೀಸಿನಿಂದ ಬರುವಷ್ಟರಲ್ಲಿ ಅತ್ತೆ ಇಲ್ಲ. ಮಳವಳ್ಳಿಗೆ ಹೋದರಂತೆ, ಮಗಳು ಚಂದನಳ ಮನೆಗೆ. ಶಿವನಂಜಮ್ಮ ಹೇಳಿದಳು. ನನಗೆ ಹೇಳಿ ಹೋಗಲಿಲ್ಲ. ಒಲೆ ಮೇಲೆ ಸಾರು ಮಾಡಿಟ್ಟಿದ್ದಾರೆ. ಕೋಪ ಬಂದರೂ ಸಾರು ಮಾಡುವುದು ಬಿಡಲ್ಲ. ಅದಕ್ಕೇ ಇನ್ನೂ ಸಂಕಟ.

ನವೆಂಬರ್ ೨೨, ಶನಿವಾರ

ಮುಂದಿನ ಸಾಲುಗಳು ಖಾಲಿ. ಕರೆತರುವವರೇ ಇಲ್ಲ. ಆದರೂ ಮೈಕ್ ಹಿಡಿದೆ, ಚಿಲಿ ದೇಶದ ಸಿನಿಮಾ. ಹಿಂದಿನ ಸಾಲಿನ ಹುಡುಗನೊಬ್ಬ ಬಂದು, “ಮೇಡಂ, ಆ ಅಜ್ಜಿ ಇಲ್ದೆ ಬೋರು” ಅಂದ. ಶಿವರಾಜು ಹತ್ತಿರ ಬಂದ. ದೂರ ಹೋಗು ಅಂದೆ. ಅತ್ತೆ ಬೇಡ ಅಂದರೆ ನಾನು ಬೇಡ ಅಂತೀನಿ, ಅಂದೆ. ಅವನು ತಲೆ ಆಡಿಸಿದ. ಆ ಪಾಪದ ಮುಖ ನೋಡೋಕಾಗಲಿಲ್ಲ. ಇಬ್ಬರೂ ಬೇಕು ನನಗೆ. ಕೇಳೋದು ದುರಾಸೆಯಾ?

ನವೆಂಬರ್ ೨೮, ಶುಕ್ರವಾರ

ಬಂದರು! ಬಸ್ಸಿಳಿದು ಚೀಲ ನನ್ನ ಕೈಗೆ ಕೊಟ್ಟು, ಕಾಲು ತೊಳೆದು, ನೀರು ಕುಡಿದು, ಆಮೇಲೆ ಬಾಯಿ ಬಿಟ್ಟರು.

“ಲೋಕೇಸುನ್ ತಂಗಿಗ್ ಏಳ್ದೆ ಎಂಗಮ್ಮಿ ಮಾಡದು? ಅದ್ಕೇ ಓಗಿದ್ದೆ. ಮೊದ್ಲು ಅತ್ಲು. ನಾಲ್ಕ್ ದಿನ ಮಾತ್ ಬುಟ್ಲು. ಆಮೇಲೆ, ಅತ್ಗೇಗ್ ಮದ್ವೆ ಸೀರೆ ನಾನೇ ತತ್ತೀನಿ ಅಂದ್ಲು.”

ಚೀಲ ಕೆಳಗಿಟ್ಟು ಕೇಳಿದೆ.

“ನಿಮಗೆ, ಅತ್ತೆ?”

“ನಂಗ್ ಸಂಕ್ಟ ಆಯ್ತದೆ. ಆಗಲ್ಲ ಅಂತ ಸುಳ್ ಏಳಲ್ಲ. ಆಗ್ಲಿ ಬುಡು.” ಕಣ್ಣೊರೆಸಿಕೊಂಡು, “ಬಾನ್ವಾರ ಅವನ್ಗೆ ಬರಕ್ಕೇಳು” ಅಂದರು.

ನವೆಂಬರ್ ೩೦, ಭಾನುವಾರ. ಬೆಳಿಗ್ಗೆ

ಶಿವರಾಜು ಈಗಷ್ಟೇ ಬಂದು ಹೋದ.

ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೈಕಿನಲ್ಲಿ ಬಂದ. ಅತ್ತೆ ನನ್ನನ್ನು ಒಳಕೋಣೆಗೆ ಅಟ್ಟಿ ತಾವು ಜಗಲಿಗೆ ಕೂತರು. ನಾನು ಬಾಗಿಲ ಹಿಂದೆ.

“ಒಬ್ನೇ ಬಂದಿದ್ದೀಯಾ?”

“ಹೂಂ ಅಮ್ಮ.”

“ನಿಮ್ಮವ್ವ?”

“ನಿಡಘಟ್ಟದಲ್ಲಿ ಇದಾರೆ. ಮೊದ್ಲು ನಿಮ್ಮನ್ನ ಕೇಳಿ ಆಮೇಲೆ…”

“ಅಲ್ಲಪ್ಪ, ನನ್ ಮಗಳ್ನ ಕೇಳಕ್ ಇಂಗ್ ಒಬ್ನೇ ಬಂದ್ರೆ ಕೊಟ್ಬುಡ್ತೀನಾ? ಅವಳಿಗ್ ಏಳೋರ್ ಕೇಳೋರ್ ಇಲ್ವಾ? ಓಗು, ಓಗಿ ನಿಮ್ಮವ್ವುನ್ ಕರ್ಕಂಡ್ ಬಾ. ಕಾಪಿ ಕುಡ್ದು ಓಗು.”

ನನ್ ಮಗಳ್ನ ಅಂದರು. ನಾನು ಕೇಳಿಸಿಕೊಂಡೆ.

ಬಿಸಿ ಕಾಫಿ ಒಂದೇ ಗುಟುಕಿಗೆ ಕುಡಿದು ಬಾಯಿ ಸುಟ್ಟುಕೊಂಡು ಓಡಿದ. ಸಂಜೆಯೊಳಗೆ ಅವರಮ್ಮನ ಜೊತೆ ಬರ್ತಾನಂತೆ. ಅತ್ತೆ ಆಗಲೇ ಅಂಗಳ ಗುಡಿಸ್ತಿದ್ದಾರೆ, ಶಿವನಂಜಮ್ಮನನ್ನು ಕೂಗಿ ವೀಳ್ಯದೆಲೆ ತರಿಸ್ತಿದ್ದಾರೆ. ನನಗೂ ಬೈಗುಳ ಬೀಳ್ತಿದೆ — ಎಣ್ಣು ನೋಡಕ್ ಬರೋ ದಿನ ಬರ್ಕಂಡ್ ಕೂತವ್ಳೆ, ತಲೆ ಬಾಚ್ಕಬಾರ್ದಾ ಅಂತ. ಬಾಚಣಿಗೆ ಹಿಡಿದು ಈ ಕಡೆಗೇ ಬರ್ತಿದ್ದಾರೆ, ತಾವೇ ಜಡೆ ಹಾಕೋಕೆ —