ಮೂರು ಚಕ್ರದ ಗಾಡಿಗೆ ವಾಹನಪೂಜೆ

ಕೊಪ್ಪ
ಏಪ್ರಿಲ್ ೨೮, ೨೦೨೫, ಸೋಮವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯಾ? ಶುಗರ್ ಮಾತ್ರೆ ಊಟಕ್ಕೆ ಮುಂಚೆ ನುಂಗುತ್ತಿದ್ದೀಯೋ, ಅಥವಾ ಕೈ ತೊಳೆದ ಮೇಲೆ "ಅಯ್ಯೋ, ಮರ್ತೇಹೋಯ್ತು" ಎನ್ನುವುದು ಇನ್ನೂ ಉಂಟೋ? ಅಪ್ಪಯ್ಯನ ಕೆಮ್ಮು ಕಡಿಮೆಯಾಯಿತೇ? ನರಸಿಂಹರಾಜಪುರದ ಸೆಖೆಗೆ ಫ್ಯಾನಿನ ಕೆಳಗೇ ಮಲಗಿ ಬರಿಸಿಕೊಂಡದ್ದು ಎಂದು ನನ್ನ ಅನುಮಾನ. ಇಲ್ಲಿ ನಾವೆಲ್ಲ ಸೌಖ್ಯ. ಇಷ್ಟು ಹತ್ತಿರದ ಊರಿಗೆ ಫೋನು ಬಿಟ್ಟು ಕಾಗದ ಯಾಕೆ ಎಂದು ಗಾಬರಿಯಾಗಬೇಡ. ಫೋನಿನಲ್ಲಿ ಈ ವಿಷಯ ತೆಗೆದಾಗಲೆಲ್ಲ ನೀನು ಅಳುತ್ತೀಯ, ನೀನು ಅತ್ತರೆ ನಾನು ಅಳುತ್ತೇನೆ, ಹಿಂದಿನಿಂದ ಅಪ್ಪಯ್ಯ "ಸಾಕು, ಇಡ್ರೇ ಫೋನು" ಎನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಕಾಗದವಾದರೆ ನಡುವೆ ಬಾಯಿ ಹಾಕಲು ಯಾರಿಗೂ ಆಗುವುದಿಲ್ಲ.

ಯಾವ ವಿಷಯವೆಂದು ನಿನಗೆ ಗೊತ್ತು. ಜೂನ್‌ನಿಂದ ಕೂಸನ್ನು ನಿನ್ನ ಹತ್ತಿರ ಬಿಟ್ಟು ಅಲ್ಲಿನ ಶಾಲೆಗೇ ಸೇರಿಸುವುದು. "ನಿನ್ನ ಕಾಲಿಗೆ ಅವಳ ಹಿಂದೆ ಓಡಕ್ಕಾಗ್ತದನೇ ಮಾರಾಯ್ತಿ? ಹೆತ್ತೋಳು ನೀನೇ, ಸಾಕೋಳು ನಾನಾದ್ರೆ ಎಂತಾಯ್ತು?" ಎಂದು ನೀನು ಕೇಳಿದ್ದೆ. ಬೈಕಿನಿಂದ ಬಿದ್ದು ಸೊಂಟಕ್ಕೆ ರಾಡ್ ಹಾಕಿಸಿಕೊಂಡು ಎರಡು ವರ್ಷವಾಯಿತು. ನಾನು ಕೋಲೂರಿಕೊಂಡು ಅಡಿಗೆಮನೆಯಿಂದ ಅಂಗಳಕ್ಕೆ ಬರುವಷ್ಟರಲ್ಲಿ ಮೂರೂವರೆ ವರ್ಷದ ಇಂಚರ ಗೇಟು ದಾಟಿ ರಸ್ತೆಯಲ್ಲಿರುತ್ತಾಳೆ. ಗಣಿತದಲ್ಲಿ ಎಂ.ಎಸ್ಸಿ. ಮಾಡಿದವಳು ನಾನು, ಮಲಗಿದರೆ ತಲೆಯಲ್ಲಿ ಒಂದೇ ಲೆಕ್ಕ: ಗೇಟಿಗೆ ಅವಳಿಗೆಷ್ಟು ಸೆಕೆಂಡು, ನನಗೆಷ್ಟು. ಆ ಲೆಕ್ಕ ನನ್ನ ಪರವಾಗಿ ಒಂದು ದಿನವೂ ಬರಲಿಲ್ಲ. ಸೋತುಹೋಗಿ "ಆಯ್ತಮ್ಮ, ಕರ್ಕೊಂಡ್ಹೋಗು" ಎಂದಿದ್ದೆ.

ಅವಳನ್ನು ಕಳಿಸುವ ಮೊದಲು ಎಲ್ಲರೂ ಒಟ್ಟಿಗೆ ಒಂದು ಕಡೆ ಹೋಗಿಬರೋಣ ಎಂದು ಇವರೇ ಶನಿವಾರ ಹೊರಡಿಸಿದ್ದು, ಹಾಸನ ದಾಟಿದ ಮೇಲೆ ಸಿಗುವ ಒಂದು ದೊಡ್ಡ ಆಟದ ಪಾರ್ಕಿಗೆ. ನಾನು ಕಾರಿನಲ್ಲೇ ಕೂತಿರುತ್ತೇನೆ ಎಂದು ಹಟ ಹಿಡಿದಿದ್ದೆ. ನಡೆಯಲಾಗದವರು ಕೂತು ಓಡಿಸುವ ಬ್ಯಾಟರಿ ಗಾಡಿ ಅಲ್ಲಿ ಬಾಡಿಗೆಗೆ ಸಿಗುತ್ತದೆ ಎಂದು ಇವರು ಮೊದಲೇ ವಿಚಾರಿಸಿಟ್ಟಿದ್ದರು. ಕೇಳಿಯೇ ನನಗೆ ನಾಚಿಕೆ. ಮೂವತ್ತು ವರ್ಷಕ್ಕೇ ಮುದುಕರ ಗಾಡಿ ಹತ್ತುವುದೇ? ಗುರುತಿನವರು ಯಾರಾದರೂ ಕಂಡರೆ?

ಗಾಡಿ ನೋಡಿದ ಮೇಲೆ ಮಾತ್ರ ಸ್ವಲ್ಪ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಕೆಂಪು ಬಣ್ಣ, ಮೂರು ಚಕ್ರ, ಒಳ್ಳೆಯ ಕುರ್ಚಿ, ಮುಂದೆ ಸ್ಕೂಟರಿನ ಹಾಗೆ ಹ್ಯಾಂಡಲ್. ಬಲಗೈ ಹತ್ತಿರದ ಪಟ್ಟಿ ಒತ್ತಿದರೆ ಮುಂದೆ ಹೋಗುತ್ತದೆ, ಬಿಟ್ಟರೆ ತಾನಾಗಿ ನಿಲ್ಲುತ್ತದೆ. ಗಾಡಿ ಕೊಡುವ ಫರಹತ್ ಎಂಬ ಹುಡುಗಿ ಎರಡೇ ನಿಮಿಷದಲ್ಲಿ ಕಲಿಸಿ, "ಇಳಿಜಾರಲ್ಲಿ ಮಾತ್ರ ಮೆಲ್ಲಗೆ ಮೇಡಂ" ಎಂದಳು. ಇನ್ನೇನು ಹೊರಡಬೇಕು, ಅತ್ತೆ "ತಡಿ ತಡಿ!" ಎಂದು ಅಡ್ಡ ನಿಂತರು.

ನಮ್ಮ ಸರ್ವಮಂಗಳಾ ಅತ್ತೆಯ ನೇಮ ನಿನಗೆ ಗೊತ್ತಲ್ಲ, ಪೂಜೆಯಾಗದ ಗಾಡಿಯನ್ನು ಮನೆಯವರು ಯಾರೂ ಹೊರಡಿಸುವಂತಿಲ್ಲ. ಇದು ಬಾಡಿಗೆಯದು, ಸಂಜೆ ವಾಪಸು ಕೊಡಬೇಕು ಎಂದು ಇವರು ಹೇಳಿದ್ದಕ್ಕೆ, "ಬಾಡಿಗೆದಾದ್ರೆ ಎಂತ? ಕೂರೋಳು ನಮ್ಮನೆಯೋಳಲ್ವಾ? ಒಂದ್ಸಲ ಬಿದ್ದದ್ದು ಸಾಲ್ದಾ?" ಎಂದು ಬಾಯಿ ಮುಚ್ಚಿಸಿದರು. ಇವರು ಸೋತು ಟಿಕೆಟಿನ ಸಾಲಿಗೆ ಹೋದರು. ದಾರಿಯ ತಿರುವುಗಳಲ್ಲಿ ವಾಂತಿ ಬಾರದ ಹಾಗೆ ಮೂಸಲು ತಂದ ನಿಂಬೆಹಣ್ಣುಗಳಲ್ಲಿ ಒಂದು ಉಳಿದಿತ್ತು. ಶೃಂಗೇರಿಯ ಕುಂಕುಮದ ಪೊಟ್ಟಣ ಅತ್ತೆಯ ಪರ್ಸಿನಲ್ಲಿ ಯಾವಾಗಲೂ ಇರುತ್ತದೆ. ಹ್ಯಾಂಡಲಿಗೆ ಕುಂಕುಮ ಹಚ್ಚಿ, ಮುಂದಿನ ಚಕ್ರದ ಕೆಳಗೆ ಹಣ್ಣಿಟ್ಟು, ಕೈ ಮುಗಿದು "ಹ್ಞೂಂ, ಹತ್ಸು" ಎಂದರು. ಜನವೆಲ್ಲ ತಿರುಗಿ ನೋಡುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡೇ ಪಟ್ಟಿ ಒತ್ತಿದೆ. ಕಾರಿನ ಚಕ್ರವಾದರೆ ಪಚಕ್ಕೆಂದು ಅಪ್ಪಚ್ಚಿ ಮಾಡುತ್ತಿತ್ತು. ಈ ಪುಟ್ಟ ಚಕ್ರಕ್ಕೆ ಸಿಕ್ಕದೆ ಹಣ್ಣು ಪಕ್ಕಕ್ಕೆ ಚಿಮ್ಮಿ, ಇಳಿಜಾರಿನಲ್ಲಿ ಉರುಳತೊಡಗಿತು. "ನನ್ ಚೆಂಡು!" ಎಂದು ಕೂಸು ಅದರ ಹಿಂದೆ ಓಡಿತು.

ಅಮ್ಮಾ, ಆ ಇಳಿಜಾರು ಮುಗಿಯುವಲ್ಲಿ ಪ್ರವಾಸದ ಬಸ್ಸುಗಳು ಬಂದು ತಿರುಗುತ್ತವೆ. ಇವರು ದೂರದ ಸಾಲಿನಲ್ಲಿ. ಅತ್ತೆ ಮೊಣಕಾಲು ಹಿಡಿದುಕೊಂಡು "ಹಿಡೀರೋ, ಕೂಸನ್ನ ಹಿಡೀರೋ!" ಎಂದು ಕೂಗಿದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ನಾನು ಪಟ್ಟಿಯನ್ನು ಪೂರ್ತಿ ಒತ್ತಿಹಿಡಿದೆ. ಮೆಲ್ಲಗೆ ಎಂದದ್ದೆಲ್ಲ ಎಲ್ಲಿ ಹೋಯಿತೋ! ಮಕ್ಕಳ ಪೀಪಿಯಂಥ ಹಾರ್ನ್ ಬಡಿದುಕೊಂಡೇ ಹೋದೆ, ಜನ ದಾರಿ ಬಿಟ್ಟರು, ಕೋಲು ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ. ಮುಂದೆ ಓಡುತ್ತಿದ್ದ ಹಳದಿ ಫ್ರಾಕು ಹತ್ತಿರವಾಯಿತು, ನನ್ನ ಸಮಕ್ಕೆ ಬಂತು, ಹಿಂದೆ ಬಿತ್ತು. ನಾನು ಅವಳನ್ನು ದಾಟಿದೆ ಅಮ್ಮಾ! ಬಸ್ಸುಗಳಿಗೆ ಇನ್ನೂ ಹತ್ತು ಮಾರು ಇರುವಾಗಲೇ ಗಾಡಿಯನ್ನು ಅಡ್ಡ ತಿರುಗಿಸಿ ನಿಲ್ಲಿಸಿದೆ. ಓಡಿ ಬಂದವಳು ಸೀದಾ ನನ್ನ ತೊಡೆಗೆ ಡಿಕ್ಕಿ ಹೊಡೆದಳು. ಹಿಡಿದುಕೊಂಡೆ. ಬೈಯಲು ಬಾಯಿ ತೆರೆದರೆ ಅವಳು ಏದುಸಿರು ಬಿಡುತ್ತಾ "ಅಮ್ಮ ಫಸ್ಟ್!" ಎಂದು ಚಪ್ಪಾಳೆ ತಟ್ಟಿದಳು. ಅವಳ ಬೆನ್ನ ಮೇಲಿಟ್ಟ ಅಂಗೈಯನ್ನು ನಾನು ಎಷ್ಟೋ ಹೊತ್ತು ತೆಗೆಯಲೇ ಇಲ್ಲ. ನಿಂಬೆಹಣ್ಣು ಮಾತ್ರ ಉರುಳಿಕೊಂಡು ಹೋಗಿ ಒಂದು ಬಸ್ಸಿನಡಿ ಅಪ್ಪಚ್ಚಿಯಾಯಿತು. ಕುಂಟಿಕೊಂಡು ಬಂದ ಅತ್ತೆ ಅದನ್ನು ನೋಡಿ, "ಅಂತೂ ಪೂಜೆ ಸಂದಿತು ಮಾರಾಯ್ತಿ" ಎಂದು ಕಣ್ಣೊರೆಸಿಕೊಂಡರು.

ಆಮೇಲೆ ಸಂಜೆಯವರೆಗೆ ನಮ್ಮನ್ನು ಹಿಡಿಯುವವರಿಲ್ಲ! ಕೂಸು ನನ್ನ ಕಾಲುಗಳ ನಡುವೆ ನಿಂತು ಹಾರ್ನಿನ ಅಧಿಕಾರ ವಹಿಸಿಕೊಂಡಿತು. ಪುಟ್ಟ ರೈಲು, ಗಿರಗಿಟ್ಲೆ, ಮೀನಿನ ಮನೆ, ಎಲ್ಲ ಕಡೆಗೂ ನಾವಿಬ್ಬರು ಮುಂದೆ, ಚೀಲ ಹೊತ್ತ ಇವರು ಹಿಂದೆ. "ಸ್ವಲ್ಪ ನಿಲ್ರೇ, ನಾನು ಮನುಷ್ಯ" ಎಂದು ಗೋಗರೆದರು. ಹೆದರಿದ ಹಾಗೆಯೇ ಗುರುತಿನವರೂ ಸಿಕ್ಕರು, ಜಯಪುರದ ಮೆಡಿಕಲ್ ಶಾಪಿನ ನವೀನ. ನನ್ನ ಮುಖಕ್ಕೆ ಬೆಂಕಿ ಬಿದ್ದಂತಾಯಿತು. ಅವನು ಗಾಡಿಯನ್ನೇ ಸುತ್ತುಹಾಕಿ ನೋಡಿ, "ಅರ್ಪಿತಕ್ಕಾ, ಒಂದು ರೌಂಡು ನಂಗೂ ಕೊಡಿ" ಎಂದ. ಕೊಡಲಿಲ್ಲ!

ಮೊನ್ನೆಯೂ ನಿನ್ನೆಯೂ ನನಗೆ ನಿದ್ದೆಯಿಲ್ಲ. ಆದರೆ ಈ ಎಚ್ಚರ ಬೇರೆ ಥರದ್ದು, ಜಾತ್ರೆಗೆ ಹೋಗುವ ಹಿಂದಿನ ದಿನ ಮಕ್ಕಳಿಗೆ ಬರುವಂಥದ್ದು. ಹೆದರಿಕೆ ಹೋಯಿತು ಎನ್ನಲಾರೆ. ನಮ್ಮ ರಸ್ತೆ ಪಾರ್ಕಿನ ರಸ್ತೆಯಲ್ಲ, ಆ ಗಾಡಿಯನ್ನೂ ಸಂಜೆಯೇ ವಾಪಸು ಕೊಟ್ಟೆ, ಎಲ್ಲ ಗೊತ್ತು. ಆದರೂ ಕಣ್ಣು ಮುಚ್ಚಿದರೆ ಆ ಹಳದಿ ಫ್ರಾಕು ನನ್ನ ಹಿಂದೆ ಬೀಳುತ್ತದೆ, ಮತ್ತೆ ಎದ್ದು ಕೂರುತ್ತೇನೆ.

ಕೂಸು ಮಧ್ಯಾಹ್ನದ ನಿದ್ದೆ ಮುಗಿಸಿ ಏಳುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ. ಅಪ್ಪಯ್ಯನಿಗೆ ನನ್ನ ನಮಸ್ಕಾರ, ಕಷಾಯ ಕುಡಿಯಲು ಹೇಳು. ಅತ್ತೆ ನಿನ್ನನ್ನು ಕೇಳಿದ್ದಾರೆ. ನಿನ್ನ ಆಶೀರ್ವಾದ ನಮ್ಮ ನಾಲ್ವರ ಮೇಲೂ ಇರಲಿ, ಇವತ್ತು ನನ್ನ ಮೇಲೆ ಸ್ವಲ್ಪ ಹೆಚ್ಚು.

ನಿನ್ನ ಮಗಳು,
ಅರ್ಪಿತಾ

ಮರೆತೆ: ಇವರು ನಾಲ್ಕು ಗಂಟೆಯ ಬಸ್ಸಿಗೆ ಕಾಗದ ಕೊಡಲು ಚಪ್ಪಲಿ ಮೆಟ್ಟಿ ನಿಂತಿದ್ದಾರೆ. ಓದಿ ನೋಡಿದರೆ ಇಷ್ಟೆಲ್ಲ ಬರೆದೂ ನಿನಗೆ ಹೇಳಬೇಕಾದ ಮಾತನ್ನೇ ಬರೆದಿಲ್ಲ. ಕೂಸನ್ನು ಕಳಿಸುವುದಿಲ್ಲ ಅಮ್ಮಾ. ಇವತ್ತು ಬೆಳಿಗ್ಗೆ ಇಲ್ಲಿನ ಶಾಲೆಗೇ ಹೆಸರು ಕೊಟ್ಟು ಬಂದೆವು. ಮೆಕ್ಯಾನಿಕ್ ರಾಕೇಶ ನನ್ನ ಹಳೆಯ ಸ್ಕೂಟಿಯ ಹಿಂದೆ ಇನ್ನೆರಡು ಚಕ್ರ ಕೂರಿಸಿಕೊಡುತ್ತಾನಂತೆ, ಅದಕ್ಕೆ ಬೇಕಾದ ಲೈಸೆನ್ಸಿಗೂ ಅರ್ಜಿ ಹಾಕುತ್ತೇವೆ. ನೀನು ಅಳುತ್ತೀಯ, ಗೊತ್ತು. ಅತ್ತು ಮುಗಿದ ಮೇಲೆ ಫೋನು ಮಾಡು. ಮತ್ತೆ ಜೂನ್‌ನಲ್ಲಿ ನೀನೇ ಬಂದು ಒಂದು ತಿಂಗಳು ಇಲ್ಲಿರು. ಓಡಿಸುವುದು ನಾನು, ಆದರೆ ಹಿಂದೆ ಕೂತು ಕೂಸನ್ನು ಗಟ್ಟಿಯಾಗಿ ಹಿಡಿದುಕೊಳ್ಳಲು ಒಬ್ಬರು ಬೇಕು.