ಸಿ ಡ್ರೈವಿನ ನಲವತ್ತೊಂದನೇ ಸಾಲು

ಮಾರ್ಚ್ 4, ಬೆಳಿಗ್ಗೆ 11

ಆಫೀಸಿನ ಲ್ಯಾಪ್‌ಟಾಪಿಗೆ ಫಾರ್ಮ್ಯಾಟ್ ಡಿಸ್ಕ್ ಹಾಕಿದೆ. ಕರ್ರ್ ಅಂದಿತು, ಸುಮ್ಮನಾಯಿತು. ಮತ್ತೆ ಹಾಕಿದೆ. ಅದೇ ಕಥೆ. ನಾಲ್ಕನೇ ಸಲ ಟ್ರೇ ಅರ್ಧ ಹೊರಗೆ ಬಂದು ನಾಲಿಗೆ ಚಾಚಿಕೊಂಡು ನಿಂತಿತು. ಸೂಜಿಯಲ್ಲಿ ಚುಚ್ಚಿದೆ. ಜಪ್ಪಯ್ಯ ಅಂದರೂ ಅಲುಗಾಡಲಿಲ್ಲ.

ಮಾಲೀಕರು ಕ್ಯಾಬಿನ್ನಿನಿಂದ ಇಣುಕಿದರು. "ಆಯ್ತಾ ಮೇಡಮ್?"

"ಡಿಸ್ಕ್ ಓದ್ತಾ ಇಲ್ಲ ಸಾರ್."

"ಓದೋಕೆ ಯಾರು ಹೇಳಿದ್ರು? ಎಲ್ಲಾ ಅಳಿಸಿ ಅಂದಿದ್ದು!"

ತಲೆಯಾಡಿಸಿದೆ. ಒಳಗೊಳಗೇ ಆ ಕೆಟ್ಟ ಡ್ರೈವಿಗೆ ಕೈ ಮುಗಿದೆ. ಇವತ್ತಿಗೆ ತಪ್ಪಿತು.

ಅದೇ ದಿನ, ಸಂಜೆ

ಯಾರಿಗೂ ತೋರಿಸುವುದಲ್ಲ. ಆದರೂ ಕ್ರಮವಾಗಿ ಬರೆದುಕೊಳ್ಳಬೇಕು, ಇಲ್ಲದಿದ್ದರೆ ತಲೆ ಕೆಟ್ಟು ಹೋಗುತ್ತೆ.

ನಮ್ಮದು ಲಿಫ್ಟ್ ರಿಪೇರಿ ಆಫೀಸು. ಎರಡು ರೂಮು, ಒಂದು ಲ್ಯಾಪ್‌ಟಾಪು. ಫೆಬ್ರವರಿ 26ಕ್ಕೆ ನಮ್ಮ ಸುಪರ್ದಿಯ ಒಂದು ಲಿಫ್ಟ್ ಮೂರನೇ ಮಹಡಿಯಿಂದ ಸೀದಾ ಕೆಳಗೆ ಜಾರಿತು. ಒಳಗೆ ಒಬ್ಬರು ನಿವೃತ್ತ ಟೀಚರ್. ಎರಡೂ ಕಾಲು ಮುರಿದಿದೆ. ಕಾರಣ — ಬ್ರೇಕ್ ಸವೆದಿತ್ತು.

ತಪ್ಪೆಲ್ಲ ನಮ್ಮ ಮೆಕ್ಯಾನಿಕ್ ತಲೆಗೆ ಕಟ್ಟಿದ್ದಾರೆ. ಜೇಬಲ್ಲಿ ಪೆನ್ನಿನ ಬದಲು ಸ್ಪ್ಯಾನರ್ ಸಿಕ್ಕಿಸಿಕೊಂಡು ಓಡಾಡುವವನು. ಅದಕ್ಕೇ ಎಲ್ಲರೂ ಅವನನ್ನು ಕರೆಯುವುದೇ ಸ್ಪ್ಯಾನರ್ ಅಂತ. ಅವನು ಲಿಫ್ಟ್ ನೋಡಿಯೇ ಇಲ್ಲ, ದೂರು ಹೇಳಿಯೇ ಇಲ್ಲ ಅಂತ ಮಾಲೀಕರು ಬರೆದುಕೊಟ್ಟಿದ್ದಾರೆ. 19ಕ್ಕೆ ವಿಚಾರಣೆ. ತಪ್ಪು ಅವನದೇ ಅಂತಾದರೆ ಜೈಲೂ ಆಗಬಹುದು.

ಅವನು ಹೇಳಿದ್ದ. ಫೆಬ್ರವರಿ 17ಕ್ಕೆ ನನ್ನ ಟೇಬಲ್ ಎದುರೇ ನಿಂತು ಹೇಳಿದ್ದ. ಟೈಪ್ ಮಾಡಿದವಳೂ ನಾನೇ. ದೂರಿನ ರಿಜಿಸ್ಟರ್, ನಲವತ್ತೊಂದನೇ ಸಾಲು — "ಬ್ರೇಕ್ ಸವೆದಿದೆ, ಲಿಫ್ಟ್ ನಿಲ್ಲಿಸಬೇಕು." ಆ ಫೈಲ್ ಈ ಲ್ಯಾಪ್‌ಟಾಪಿನ ಸಿ ಡ್ರೈವಲ್ಲಿ ಬಿಟ್ಟರೆ ಎಲ್ಲೂ ಇಲ್ಲ. ಅಪಘಾತದ ಮಾರನೇ ದಿನವೇ ಮಾಲೀಕರು ಪಾಸ್‌ವರ್ಡ್ ಬದಲಾಯಿಸಿದರು. ಈಗ ಫಾರ್ಮ್ಯಾಟ್ ಮಾಡಿ ಅಂತಾರೆ. ವೈರಸ್ಸಂತೆ!

ಮಾರ್ಚ್ 6

ಹತ್ತಿಯಲ್ಲಿ ಡ್ರೈವಿನ ಲೆನ್ಸ್ ಒರೆಸಿದೆ. ಬೇರೆ ಡಿಸ್ಕ್ ತರಿಸಿದೆ. ಎರಡು ದಿನ ದೂಡಿದೆ. ಹದಿನಾಲ್ಕು ವರ್ಷದ ಕೆಲಸದಲ್ಲಿ ಒಂದು ವಸ್ತು ಕೆಟ್ಟಿದ್ದಕ್ಕೆ ಇಷ್ಟು ಖುಷಿ ಎಂದೂ ಪಟ್ಟಿರಲಿಲ್ಲ.

"ಡಿಲೀಟ್ ಮಾಡಿದ್ರೆ ಸಾಲ್ದಾ ಸಾರ್?" ಅಂದೆ, ಏನೂ ಅರಿಯದವಳ ಹಾಗೆ.

"ಅವು ಮತ್ತೆ ಎದ್ದು ಬರ್ತಾವಂತೆ. ಬುಡಸಮೇತ ಹೋಗ್ಬೇಕು. ನೀವೇ ಮಾಡಿ, ಹೊರಗಿನವರು ಬೇಡ."

ಮನೆಯಲ್ಲಿ ಅಮ್ಮ, "ಆ ಡಬ್ಬ ಇನ್ನೂ ಸರಿಹೋಗ್ಲಿಲ್ವೇನೇ?" ಅಂದಳು. ಇಲ್ಲ ಅಂದೆ. "ನಿನ್ನ ಮುಖ ನೋಡಿದ್ರೆ ಕೆಟ್ಟಿರೋದು ಡಬ್ಬ ಅಲ್ಲ ಅನ್ಸತ್ತೆ." ಅಮ್ಮನ ಕಣ್ಣಿಗೆ ಪೊರೆ ಬಂದಿದೆ ಅಂತಾರೆ ಡಾಕ್ಟರು. ನಂಬುವುದು ಹೇಗೆ?

ಮಾರ್ಚ್ 9, ಮಧ್ಯಾಹ್ನ

ಮುಗಿಯಿತು. ಮಾಲೀಕರಿಗೆ ಯಾರೋ ಹೇಳಿಕೊಟ್ಟಿದ್ದಾರೆ. "ಡಿಸ್ಕ್ ಯಾಕ್ರೀ ಬೇಕು? ಪೆನ್ ಡ್ರೈವಲ್ಲೇ ಆಗತ್ತಂತೆ. ಅಂಗಡಿಗೆ ಹೋಗಿ ಮಾಡಿಸ್ಕೊಂಡ್ ಬನ್ನಿ."

ಇನ್ನೇನು ನೆಪ ಹೇಳಲಿ? ರಾಜೀನಾಮೆ ಕೊಟ್ಟರೆ ಬೇರೆಯವರ ಕೈಲಿ ಮಾಡಿಸುತ್ತಾರೆ. ಇದ್ದರೆ ನನ್ನ ಕೈಲೇ.

ಮಾರ್ಚ್ 10

ಬಸ್ ಸ್ಟಾಪಲ್ಲಿ ಸ್ಪ್ಯಾನರ್ ಸಿಕ್ಕಿದ. ಗಡ್ಡ ಬಿಟ್ಟಿದ್ದಾನೆ. ಜೇಬು ಖಾಲಿ.

"ಅಕ್ಕಾ, ಆ ಸಾಲು ಇದೆಯಾ ಇನ್ನೂ?"

"ಇದೆ... ಪಾಸ್‌ವರ್ಡ್ ಬದಲಾಯ್ಸಿದಾರೆ."

"ನಿಮಗೆ ತೊಂದರೆ ಆಗೋ ಹಾಗಿದ್ರೆ ಬೇಡ ಬಿಡಿ ಅಕ್ಕಾ."

ನನ್ನ ಬಸ್ ಬಂತು. ನನ್ನದಲ್ಲದಿದ್ದರೂ ಹತ್ತುತ್ತಿದ್ದೆ.

ಮಾರ್ಚ್ 13

ಎರಡು ದಿನ ಬರೆಯಲಿಲ್ಲ. ಬರೆದರೆ ಇದನ್ನೇ ಬರೆಯಬೇಕಾಗುತ್ತಿತ್ತು.

ನಲವತ್ತೊಂದನೇ ಸಾಲು ಅಲ್ಲಿಗೇ ಮುಗಿಯುವುದಿಲ್ಲ. ಕೊನೇ ಕಾಲಮ್ಮಿನಲ್ಲಿ ಫೆಬ್ರವರಿ 18ರ ತಾರೀಖು, ಪಕ್ಕದಲ್ಲಿ — "ಪರಿಶೀಲಿಸಲಾಗಿದೆ. ಸರಿಯಿದೆ.." ಕೆಳಗೆ ನನ್ನ ಹೆಸರು.

ಯಾರೂ ಪರಿಶೀಲಿಸಿರಲಿಲ್ಲ. ಮಾಲೀಕರು ಬೆನ್ನ ಹಿಂದೆ ನಿಂತು, "ಹೊಸ ಬ್ರೇಕ್ ಬರೋವರೆಗೆ ಸರಿಯಿದೆ ಅಂತ ಹಾಕಿಬಿಡಿ, ಬಿಲ್ಡಿಂಗಿನವರು ಪ್ರಾಣ ತಿಂತಾರೆ" ಅಂದರು. ಹಾಕಿದೆ. ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಊಟದ ಡಬ್ಬಿ ಬಿಚ್ಚಿಟ್ಟಿದ್ದೆ, ಆರಿಹೋಗುತ್ತಿತ್ತು. ಅಷ್ಟೇ ಕಾರಣ. ಆ ಟೀಚರ್ ಕಾಲಿಗೆ ನನ್ನ ಬಿಸಿ ಊಟ ಕಾರಣ.

ಫೈಲ್ ಉಳಿದರೆ ಸ್ಪ್ಯಾನರ್ ಉಳಿಯುತ್ತಾನೆ, ನಾನು ಸಿಕ್ಕಿಬೀಳುತ್ತೇನೆ. ಹೋದರೆ ನಾನು ಪಾರು. ಅವನ ಮಾತೂ ನನ್ನ ಸುಳ್ಳೂ ಒಂದೇ ಸಾಲಲ್ಲಿ. ಒಂದನ್ನು ಬಿಟ್ಟು ಒಂದನ್ನು ತೆಗೆಯಲು ಬರುವುದಿಲ್ಲ.

ನಾಚಿಕೆಯಾಗುತ್ತೆ. ಈ ಹತ್ತು ದಿನ ನಾನು ಅವನನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ. ಎರಡೂ ಕಡೆ ಕಾಲಿಟ್ಟುಕೊಂಡು ನಿಂತಿದ್ದೆ, ಅಷ್ಟೇ.

ಮಾರ್ಚ್ 14

ಕಂಪ್ಯೂಟರ್ ಅಂಗಡಿ. ಅಂಗಡಿಯವರು ಒಳ್ಳೇ ಮಾತುಗಾರರು. ಎಂಟು ಜಿಬಿ ಪೆನ್ ಡ್ರೈವಿಗೆ ವಿಂಡೋಸ್ ತುಂಬಿಸಿಕೊಟ್ಟರು. ಲ್ಯಾಪ್‌ಟಾಪ್ ಆನ್ ಮಾಡುವಾಗ ಎಫ್ ಹನ್ನೆರಡು ಒತ್ತಬೇಕು, ಪಟ್ಟಿಯಲ್ಲಿ ಪೆನ್ ಡ್ರೈವ್ ಆರಿಸಬೇಕು.

"ಪಾಸ್‌ವರ್ಡ್?" ಅಂದೆ.

"ಇದರಿಂದ ಶುರುವಾದ್ರೆ ಅದು ಕೇಳೋದೇ ಇಲ್ಲ. ಬೇಕಾದ ಫೈಲ್ ಒಳಗಡೆ ಇದ್ರೆ ಮೊದ್ಲು ತಗೊಂಡ್ಬಿಡಿ ಮೇಡಮ್. ಆಮೇಲೆ ಅತ್ರೆ ಬರಲ್ಲ."

"ಹೇಗೆ?"

ಚೀಟಿಯಲ್ಲಿ ಬರೆದುಕೊಟ್ಟರು. ಶಿಫ್ಟ್ ಒತ್ತಿಕೊಂಡು ಎಫ್ ಹತ್ತು. ಕಪ್ಪು ಕಿಟಕಿ. ಅಲ್ಲಿ ನೋಟ್‌ಪ್ಯಾಡ್ ಅಂತ ಟೈಪ್ ಮಾಡಿ ಓಪನ್ ಕೊಟ್ಟರೆ ಎಲ್ಲಾ ಫೈಲೂ ಕಾಣುತ್ತೆ, ಕಾಪಿ, ಪೇಸ್ಟ್. "ಸಿ ಡ್ರೈವು ಅಲ್ಲಿ ಡಿ ಅಂತ ತೋರಿಸ್ಬಹುದು, ಗಾಬರಿ ಬೀಳ್ಬೇಡಿ."

ಬೀಗ ತೆಗೆಯುವುದೂ ಅದೇ, ಸುಡುವುದೂ ಅದೇ. ಪೆನ್ ಡ್ರೈವನ್ನು ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡೆ. ಏನೂ ತೀರ್ಮಾನ ಮಾಡಿಲ್ಲ.

ಮಾರ್ಚ್ 16, ಸಂಜೆ 5

ಇವತ್ತು ಅಳಿಸುವ ದಿನ ಬಂತು.

ಮಾಲೀಕರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಕಣ್ಣಾರೆ ನೋಡಬೇಕಂತೆ. ನನ್ನ ಹಿಂದೆ ಗೋಡೆ, ಪಕ್ಕಕ್ಕೆ ಅವರು. ಏಳಲೂ ಜಾಗವಿಲ್ಲ.

ಎಫ್ ಹನ್ನೆರಡು. ಪೆನ್ ಡ್ರೈವ್. ನೆಕ್ಸ್ಟ್. ಬೆರಳು ತಾನಾಗೇ ಶಿಫ್ಟ್ ಮೇಲೆ ಹೋಯಿತು. ಕಪ್ಪು ಕಿಟಕಿ ಕಂಡದ್ದೇ ಮಾಲೀಕರು ನೆಟ್ಟಗೆ ಕೂತರು.

"ಅಳಿಸ್ತಾ ಇದೆಯಾ?"

"ಹೂಂ ಸಾರ್."

ಅವರ ಮೂಗಿನ ಕೆಳಗೇ ಫೈಲ್ ಹುಡುಕಿದೆ. ಡಿ ಅಂತಲೇ ಇತ್ತು. ರಿಜಿಸ್ಟರ್. ಕಾಪಿ. ಪೆನ್ ಡ್ರೈವಿಗೆ ಪೇಸ್ಟ್. ಒಂದು ಸೆಕೆಂಡೂ ಹಿಡಿಯಲಿಲ್ಲ.

"ಇಷ್ಟೇನಾ?" ಅಂದರು.

"ಇನ್ನು ಫಾರ್ಮ್ಯಾಟ್ ಸಾರ್."

ಎಲ್ಲಾ ಅಳಿಸಿಹೋಗುತ್ತೆ, ಪರವಾಗಿಲ್ಲವೇ ಅಂತ ಕೇಳಿತು. ಓಕೆ ಒತ್ತಿದೆ. ಹದಿನಾಲ್ಕು ವರ್ಷದ ಟೈಪಿಂಗು ಹೋಯಿತು. ಮಾಲೀಕರು ಬೆನ್ನು ಸಡಿಲಿಸಿ, "ಆ ಪೆನ್ ಡ್ರೈವ್ ಇಲ್ಲಿ ಕೊಟ್ಬಿಡಿ" ಅಂದರು.

"ಅಂಗಡಿಯವರದ್ದು ಸಾರ್. ವಾಪಸ್ ಕೊಡ್ಬೇಕು."

ನೋಡಿದರು. ನಾನು ಅದನ್ನು ಕಿತ್ತು ಕನ್ನಡಕದ ಡಬ್ಬಿಗೆ ಹಾಕಿಕೊಂಡೆ. "ಸರಿ. 19ಕ್ಕೆ ಬಂದು ದೂರು ಬಂದಿರ್ಲಿಲ್ಲ ಅಂತ ಒಂದು ಮಾತು ಹೇಳ್ಬಿಡಿ. ಸಾಕು."

ಮಾರ್ಚ್ 18

ತೀರ್ಮಾನ ಮಾಡಿಲ್ಲ. ಅಮ್ಮನ ಹತ್ತಿರ ಹೇಳೋಣ ಅಂತ ಎರಡು ಸಲ ಬಾಯಿ ತೆರೆದೆ. ಉಪ್ಪು ಸಾಕಾ ಅಂತ ಕೇಳಿದೆ.

ಮಾರ್ಚ್ 19, ಬೆಳಿಗ್ಗೆ 10.40

ವಿಚಾರಣೆ ಕೋಣೆಯ ಹೊರಗೆ. ಉದ್ದ ಬೆಂಚು. ಮಾಲೀಕರು ಒಳಗಿದ್ದಾರೆ. ಸ್ಪ್ಯಾನರ್ ಪಕ್ಕದಲ್ಲೇ ಕೂತಿದ್ದಾನೆ. ಗಡ್ಡ ತೆಗೆದಿದ್ದಾನೆ, ಇಸ್ತ್ರಿ ಶರ್ಟು. ನೀರಿನ ಬಾಟಲಿ ನನ್ನ ಕಡೆ ಚಾಚಿದ. ಕುಡಿಯಲಾಗಲಿಲ್ಲ. ಹೇಳಿಬಿಟ್ಟೆ.

"ಸರಿಯಿದೆ ಅಂತ ಬರೆದಿದ್ದು ನಾನು ಕಣೋ."

"ಗೊತ್ತು ಅಕ್ಕಾ."

"ಏನು ಗೊತ್ತು?"

"ಫೆಬ್ರವರಿ 20ಕ್ಕೆ ಆಫೀಸಿಗೆ ಬಂದಿದ್ನಲ್ಲ, ನೀವು ನೀರು ತರೋಕೆ ಹೋಗಿದ್ರಿ. ಸ್ಕ್ರೀನಲ್ಲೇ ಇತ್ತು. ಹೆಸರು ಇಲ್ದಿದ್ರೂ ಗೊತ್ತಾಗ್ತಿತ್ತು. ಕೊನೇಲಿ ಎರಡೆರಡು ಚುಕ್ಕಿ ಇಡೋರು ಆಫೀಸಲ್ಲಿ ಇನ್ಯಾರಿದಾರೆ?" ನಕ್ಕ. ನಗುವ ಹೊತ್ತೇ ಇದು?

"ಮತ್ತೆ ಯಾರಿಗೂ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮ ಕೆಲಸವೂ ಹೋಗೋದು. ಅಮ್ಮನ್ನ ಯಾರು ನೋಡ್ಕೋತಾರೆ?" ಬಾಟಲಿ ಮುಚ್ಚಳ ತಿರುಗಿಸುತ್ತಾ, "ನಾನೂ ಆವತ್ತೇ ಹೋಗಿ ಲಿಫ್ಟ್ ನಿಲ್ಲಿಸ್ಬಹುದಿತ್ತು ಅಕ್ಕಾ. ಮಾಲೀಕರ ಮಾತು ಕೇಳ್ಕೊಂಡು ಸುಮ್ನಾದೆ" ಅಂದ.

ಬಾಗಿಲು ತೆರೆದರು. ನನ್ನ ಹೆಸರೇ ಮೊದಲು. ಕನ್ನಡಕದ ಡಬ್ಬಿ ತೆಗೆದು ಅವನಿಗೆ ತೋರಿಸಿ, ಒಳಗೆ ನೋಡು, ನಲವತ್ತೊಂದನೇ ಸಾಲು ಪೂರ್ತಿ ಇದೆ ಅಂದೆ. ಅದನ್ನು ಹಿಡಿದುಕೊಂಡೇ ಒಳಗೆ ಹೋಗುತ್ತಿದ್ದೇನೆ.